ಮೂರೇ ಸಿಲಿಂಡರ್ರು

ಆ ಸ್ಕ್ರೂಡ್ರೈವರಿನ ಮರದ ಹಿಡಿಯ ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ತಗ್ಗಿತ್ತು. ಹಿಡಿಯೆಲ್ಲ ಗ್ರೀಸು ಕುಡಿದು ಕಪ್ಪಾಗಿದ್ದರೂ ಅಷ್ಟು ಜಾಗದಲ್ಲಿ ಮಾತ್ರ ಮರದ ಬಣ್ಣ ಉಳಿದಿತ್ತು, ನಯವಾಗಿ ಹೊಳೆಯುತ್ತಿತ್ತು. ಕಿವಿಯ ಹಿಂದಿನ ಮೂಳೆ ತಾಗಿ ತಾಗಿ ಸವೆದ ಜಾಗ ಅದು.

ಒಂದೂವರೆ ಅಡಿ ಉದ್ದದ ಆ ಸ್ಕ್ರೂಡ್ರೈವರಿನಿಂದ ಮಾಮ ಒಂದು ಸ್ಕ್ರೂ ಬಿಗಿ ಮಾಡಿದ್ದನ್ನೂ ನಾನು ನೋಡಿಲ್ಲ. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿನ ಮೇಲೆ ಇಟ್ಟು, ಹಿಡಿಯನ್ನು ಬಲಗಿವಿಯ ಹಿಂದೆ ಒತ್ತಿಕೊಂಡು, ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು ನಿಲ್ಲುತ್ತಿದ್ದರು. ಬಾಯಿ ಯಾಕೆ ತೆಗೀತೀರಿ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. "ಬಾಯಿ ಮುಚ್ಚಿದ್ರೆ ಹಲ್ಲಿನ ಸದ್ದೂ ಸೇರ್ಕೊಂಡ್ಬಿಡ್ತದೆ ತಲ್ಲೀ," ಎಂದಿದ್ದರು. ತಲ್ಲಿ ಎಂದರೆ ತೆಲುಗಿನಲ್ಲಿ ತಾಯಿ, ನನ್ನನ್ನು ಅವರು ಅಕ್ಕರೆಯಿಂದ ಹಾಗೆ ಕರೆಯುತ್ತಿದ್ದರು.

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗಳಿಗೆ ಹೋಗುವ ರಸ್ತೆಯಲ್ಲಿ ಅವರ ಶೆಡ್ಡು. ಟ್ರ್ಯಾಕ್ಟರು, ಮಾವು ಸಾಗಿಸುವ ಟೆಂಪೋ, ಬೋರ್‌ವೆಲ್ ಲಾರಿ, ಯಾವುದರ ಡೀಸೆಲ್ ಪಂಪು ಕೆಟ್ಟರೂ ಅಲ್ಲಿಗೆ ಬರುತ್ತಿತ್ತು. ನಮ್ಮಪ್ಪನಿಗೆ ಹಾಲಿನ ಡೈರಿಯಲ್ಲಿ ಕೆಲಸ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಸುಗಟೂರಿನಿಂದ ಇಲ್ಲಿಗೆ ಬಂದು, ಆ ಶೆಡ್ಡಿನ ಹಿಂದಿನ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನವರ ಹಾಗೆ ನಾನೂ ಮಾಮ ಎನ್ನುತ್ತಿದ್ದೆ. ಅವರ ಹೆಂಡತಿಯನ್ನು ಅತ್ತೆ.

ಸಂಜೆ ಶೆಡ್ಡಿನ ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ಮನೆಗಿಂತ ಅಲ್ಲಿ ಬೆಳಕು ಜಾಸ್ತಿ. ರಸ್ತೆಯಲ್ಲಿ ಗಾಡಿ ಹೋದಾಗಲೆಲ್ಲ ಅವರು ಕೆಲಸದಿಂದ ತಲೆ ಎತ್ತದೆ ಕೇಳುತ್ತಿದ್ದರು: "ಎಷ್ಟು?" ಎಷ್ಟು ಸಿಲಿಂಡರ್ ಎಂದು ಅದರ ಅರ್ಥ. ನಾನು ನಾಲ್ಕು ಎಂದರೆ, "ಸರಿಯಾಗಿ ಕೇಳು. ಕುಂಟ್ತಾ ಐತೆ ನೋಡು. ಮೂರು ಕಾಲಿನ ನಾಯಿ ಓಡ್ದಂಗೆ. ಅದು ಮೂರು," ಎನ್ನುತ್ತಿದ್ದರು. ನಮ್ಮ ಕಡೆಯ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು ಮೂರು ಸಿಲಿಂಡರಿನವು. ಆ ಕುಂಟು ಸದ್ದು ಅವರಿಗೆ ಹೆಂಡತಿಯ ಕಾಲ್ಗೆಜ್ಜೆಗಿಂತ ಹೆಚ್ಚು ಪರಿಚಿತ ಎಂದು ಅತ್ತೆಯೇ ಹೇಳುತ್ತಿದ್ದರು.

ಅವರಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚಿತ್ತು. ಪೇಪರಿನಲ್ಲಿ ವಾರಕ್ಕೊಮ್ಮೆ ಬರುವ ವಾಹನಗಳ ಪುಟ ಓದುವ ಮೊದಲು ಕೈಯನ್ನು ಡೀಸೆಲ್‌ನಲ್ಲಿ ತೊಳೆದು, ಮರದ ಹೊಟ್ಟಿನಲ್ಲಿ ಉಜ್ಜಿ, ಸೋಪು ಹಾಕಿ ಒಣಗಿಸಿಕೊಳ್ಳುತ್ತಿದ್ದರು. ಚಿತ್ರಗಳನ್ನು ಕತ್ತರಿಸಿ ಶೆಡ್ಡಿನ ಗೋಡೆಗೆ ಅಂಟಿಸುತ್ತಿದ್ದರು. ಅವರು ಓಡಿಸುತ್ತಿದ್ದದ್ದು ಹಳೆಯ ಮೊಪೆಡ್. ಕಾರು ಓಡಿಸಲು ಆಸೆ ಇಲ್ಲವಾ ಎಂದು ಕೇಳಿದ್ದಕ್ಕೆ, "ಓಡ್ಸೋ ಚಪಲ ಬೇರೆ, ಕೇಳೋ ಚಪಲ ಬೇರೆ," ಎಂದಿದ್ದರು. ಮತ್ತೊಂದು ಮಾತು ಅವರ ಬಾಯಲ್ಲಿ ಯಾವಾಗಲೂ ಇರುತ್ತಿತ್ತು. "ಸಿಸಿ ಅಂದ್ರೆ ಹೊಟ್ಟೆ, ಎಚ್‌ಪಿ ಅಂದ್ರೆ ಹಸಿವು. ಹೊಟ್ಟೆ ದೊಡ್ಡದಿರೋರಿಗೆಲ್ಲ ಹಸಿವು ಇರಲ್ಲ." ಇಂಜಿನ್ನಿನ ಗಾತ್ರಕ್ಕೂ ಶಕ್ತಿಗೂ ಇರುವ ಸಂಬಂಧವನ್ನು ಆಮೇಲೆ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಓದಿದೆ. ಪರೀಕ್ಷೆ ಬರೆಯುವಾಗ ನೆನಪಾಗಿದ್ದು ಇದೇ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ತಗೊಂಡಾಗ ನೆಂಟರು, "ಹುಡುಗಿಗೆ ಮೆಕ್ಯಾನಿಕಲ್ಲಾ?" ಎಂದರು. ಮಾಮ ಕಾಂಪೌಂಡಿನ ಆಚೆಯಿಂದಲೇ, "ಕೈ ಯಾರ್ದು ಅಂತ ಇಂಜಿನ್‌ಗೇನು ಗೊತ್ತು?" ಎಂದರು. ಅನುಮಾನ ಪಡುತ್ತಿದ್ದ ಅಪ್ಪ ಆಮೇಲೆ ಆ ವಿಷಯ ಎತ್ತಲಿಲ್ಲ.

ಅವರ ಇನ್ನೊಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ಗಾಡಿಯ ಮಾಲೀಕ ಏನೇ ಹೇಳಿದರೂ ಅವರು ನಂಬುತ್ತಿರಲಿಲ್ಲ. "ಮನುಷ್ಯ ಹೇಳ್ತಾನೆ. ಇಂಜಿನ್ ಅಬದ್ಧ ಹೇಳಲ್ಲ," ಎಂದು ಸ್ಕ್ರೂಡ್ರೈವರ್ ಕೈಗೆ ತಗೊಳ್ಳುತ್ತಿದ್ದರು. ನಮ್ಮ ಮನೆಯ ಕನ್ನಡದಲ್ಲಿ ಅಬದ್ಧ ಎಂದರೆ ತಲೆಬುಡವಿಲ್ಲದ್ದು, ಆಧಾರವಿಲ್ಲದ್ದು. ಅವರ ಮನೆಮಾತು ತೆಲುಗು. ತೆಲುಗಿನಲ್ಲಿ ಅಬದ್ಧ ಎಂದರೆ ಸುಳ್ಳು. ಶ್ರೀನಿವಾಸಪುರದಲ್ಲಿ ಬೆಳೆದ ಯಾರಿಗಾದರೂ ಎರಡೂ ಅರ್ಥ ಗೊತ್ತಿರುತ್ತದೆ. ನನಗೂ ಗೊತ್ತಿತ್ತು.

ಓದು ಮುಗಿದ ಮೇಲೆ ಮಾಲೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕಾರು ಕಂಪನಿಗಳಿಗೆ ಇಂಜಿನ್ನಿನ ಒಳಗಿನ ಭಾಗಗಳನ್ನು ಮಾಡಿಕೊಡುವ ಕಾರ್ಖಾನೆ. ನನ್ನದು ಅಳತೆಯ ಕೋಣೆ. ಕೂದಲಿನ ದಪ್ಪದಲ್ಲಿ ಎಷ್ಟೋ ಒಂದು ಪಾಲು ಹೆಚ್ಚುಕಮ್ಮಿಯಾದರೂ ಆ ಭಾಗವನ್ನು ವಾಪಸು ಕಳಿಸುವುದು ನನ್ನ ಕೆಲಸ. ನನ್ನ ಸ್ವಭಾವಕ್ಕೆ ಒಪ್ಪುವ ಕೆಲಸ. ಮಾತು ಕಡಿಮೆ, ಕೋಣೆ ತಣ್ಣಗೆ. ವಾರವೆಲ್ಲ ಮಾಲೂರಿನ ರೂಮಿನಲ್ಲಿ ಇದ್ದು, ಶನಿವಾರ ಸಂಜೆ ಕೋಲಾರದ ಮೇಲೆ ಊರಿಗೆ ಬಂದು, ಸೋಮವಾರ ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ವಾಪಸು ಹೋಗುತ್ತಿದ್ದೆ.

ಹೋದ ವರ್ಷ ಮಾವಿನ ಕಾಲ ಶುರುವಾಗುವ ಹೊತ್ತಿಗೆ, ಕಡಿಮೆ ಬೆಲೆಗೆ ಒಂದು ಸ್ಪೋರ್ಟ್ಸ್ ಕಾರು ಬರಲಿದೆ ಎಂಬ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಭಾನುವಾರಗಳಲ್ಲಿ ಮಾಮ ನನ್ನ ಫೋನಿನಲ್ಲಿ ಇಂಗ್ಲಿಷಿನ ಪುಟಗಳನ್ನು ಓದಿಸಿ ಕನ್ನಡದಲ್ಲಿ ಹೇಳಿಸಿಕೊಳ್ಳುತ್ತಿದ್ದರು. ಸಾವಿರದ ಐನೂರು ಸಿಸಿ, ನಾಲ್ಕು ಸಿಲಿಂಡರ್, ನೂರೈವತ್ತು ಎಚ್‌ಪಿ ಇರಬಹುದು ಎಂದು ಬಹಳ ಮಂದಿ ಬರೆದಿದ್ದರು. ಇನ್ನೂ ಹೆಚ್ಚಿರಬಹುದು ಎಂದು ಕೆಲವರು. ಮಾಮ ಜಾತಕ ಕೇಳುವವರ ಹಾಗೆ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಿದ್ದರು. "ಎಲ್ಲಾ ಇರಬಹುದು, ಇರಬಹುದು ಅಂತಾರೆ. ಕಿವಿಯಾರೆ ಕೇಳ್ದೋನು ಒಬ್ಬನೂ ಇಲ್ವಾ?"

ಕೇಳಿದವರು ಅವರೇ ಆದರು. ತಾಯಲೂರಿನ ಕಡೆ ಒಂದು ಟ್ರ್ಯಾಕ್ಟರ್ ನೋಡಿಕೊಂಡು ಬರುವಾಗ ಮುಳಬಾಗಿಲಿನ ಹತ್ತಿರ, ಹೈವೇ ಪಕ್ಕದ ಹೋಟೆಲಿನ ಮುಂದೆ, ಗುರುತು ಸಿಗದ ಹಾಗೆ ಮೈಯೆಲ್ಲ ಕಪ್ಪು ಬಿಳುಪು ಚೌಕಳಿ ಸ್ಟಿಕ್ಕರ್ ಅಂಟಿಸಿದ್ದ ಒಂದು ಗಿಡ್ಡ ಕಾರು ನಿಂತಿತ್ತಂತೆ. ಪರೀಕ್ಷೆಗೆ ಓಡಿಸುವ ಗಾಡಿ. ಮಾಮ ಮೊಪೆಡ್ ನಿಲ್ಲಿಸಿ, ಒಂದು ಬನ್ನು ಕೈಯಲ್ಲಿ ಹಿಡಿದುಕೊಂಡು, ತಿನ್ನದೆ, ಅದು ಹೊರಡುವವರೆಗೂ ಕಾದರು. ಸ್ಟಾರ್ಟ್ ಆದಾಗ ಒಂದು ಸಲ, ನಿಂತಲ್ಲೇ ಓಡುತ್ತಿದ್ದಾಗ ಒಂದು ಸಲ, ರಸ್ತೆಗೆ ಏರಿದಾಗ ಒಂದು ಸಲ ಕೇಳಿದರು.

ಮುಂದಿನ ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೋಗುವ ದಾರಿಯಲ್ಲಿ, ಶೆಡ್ಡಿನ ಎದುರಿನ ಟೀ ಅಂಗಡಿ ಮುಂದೆ ಏಳೆಂಟು ಜನ ನಿಂತಿದ್ದರು. ಮಂಡಿಗೆ ಕಾಯಿ ತಂದ ರೈತರು, ಡ್ರೈವರುಗಳು. ಮಧ್ಯದಲ್ಲಿ ಮಾಮ.

"ಮೂರೇ ಸಿಲಿಂಡರ್ರು," ಎನ್ನುತ್ತಿದ್ದರು. "ಟರ್ಬೊ ಐತೆ, ವಿಷಲ್ ಕೇಳಿಸ್ತು. ಬೆಲೆ ಕಮ್ಮಿ ಅಂದ್ಮೇಲೆ ಸಾವಿರದ ಇನ್ನೂರು ಸಿಸಿ ದಾಟಕ್ಕಿಲ್ಲ. ದಾಟಿದ್ರೆ ಟ್ಯಾಕ್ಸ್ ಏರ್ತದೆ. ಎಚ್‌ಪಿ ನೂರಾ ಹತ್ತು."

ಒಬ್ಬ ಟೆಂಪೋ ಡ್ರೈವರ್ ನಗುತ್ತ, "ಸ್ಪೋರ್ಟ್ಸ್ ಕಾರಿಗೆ ಟ್ರ್ಯಾಕ್ಟರ್ ಲೆಕ್ಕಾನಾ ಮಾಮ? ಹಿಂದೆ ಟ್ರೈಲರ್ ಕಟ್ಟಿ ಕೊಡ್ತಾರಂತಾ?" ಎಂದ.

"ಕೊಡ್ತಾರೆ ಕಣೋ. ನೀನು ತೋತಾಪುರಿ ತುಂಬ್ಕೊಂಡು ಹೋಗು. ಟೆಂಪೋಗಿಂತ ಮುಂಚೆ ತಲುಪ್ತೀಯ."

ಎಲ್ಲರೂ ನಕ್ಕರು. ಆಗ ಟೀ ಅಂಗಡಿಯವರು ಲೋಟ ತೊಳೆಯುತ್ತ ಹೇಳಿದರು: "ಎಲ್ಲರ ಪಂಪೂ ಸರ್ವಿಸ್ ಮಾಡ್ತೀಯ, ನಿನ್ ಕಿವಿ ಸರ್ವಿಸ್ ಯಾವಾಗ ಮಾಮ? ನಿನ್ನೆ ನಾನು ಎರಡು ಟೀ ದುಡ್ಡು ಅಂದಿದ್ದು ನೀನು ಒಂದು ಅಂತ ಕೇಳಿಸ್ಕೊಂಡೆ."

ಈ ಸಲ ಮಾಮ ನಗಲಿಲ್ಲ. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಕೆಲವು ತಿಂಗಳಿಂದ ಅವರು ಸ್ಕ್ರೂಡ್ರೈವರನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿದ್ದರು. ನಾನು ಅದನ್ನು ಗಮನಿಸಿದ್ದೆ. ನಾನು ಗಮನಿಸಿದ್ದು ಅವರಿಗೂ ಗೊತ್ತಿತ್ತು. ಅದರ ಬಗ್ಗೆ ನಾವಿಬ್ಬರೂ ಮಾತಾಡಿರಲಿಲ್ಲ.

ಅವರು ತಿರುಗಿ ನನ್ನನ್ನು ನೋಡಿದರು. ಮುಖ ಅರಳಿತು. "ಇವಳ್ನ ಕೇಳ್ರೋ. ಇವಳು ಮಾಲೂರಲ್ಲಿ ಇಂಜಿನ್ ಸಾಮಾನೇ ಅಳೆಯೋದು. ಹೇಳು ತಲ್ಲೀ, ಮೂರು ಇರೋಕಾಗಲ್ವಾ?"

ಅದರ ಹಿಂದಿನ ವಾರ, ಅಳತೆಯ ಕೋಣೆಯ ಕಲ್ಲಿನ ಮೇಜಿನ ಮೇಲೆ, ಆ ಕಾರಿನ ಕ್ರ್ಯಾಂಕ್‌ಶಾಫ್ಟ್ ಇತ್ತು. ಪಿಸ್ಟನ್ನುಗಳ ಕುಣಿತವನ್ನು ಚಕ್ರದ ತಿರುಗಾಟವಾಗಿ ಬದಲಾಯಿಸುವ ಕಬ್ಬಿಣದ ದಂಡ ಅದು. ಎಷ್ಟು ಸಿಲಿಂಡರೋ ಅಷ್ಟು ಗೆಣ್ಣು. ಅದಕ್ಕೆ ಮೂರು ಗೆಣ್ಣುಗಳಿದ್ದವು. ಮೂರನ್ನೂ ನಾನೇ ಅಳೆದಿದ್ದೆ. ಅಳೆಯುವ ಮೊದಲು, ಇದರ ವಿಷಯ ಹೊರಗೆ ಹೇಳುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದ್ದೆ.

ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ಕಾಗದದಲ್ಲಿ ಬರೆದಿದ್ದದ್ದು ಹೇಳಬಾರದು ಎಂದು ಮಾತ್ರ. ಸುಳ್ಳು ಹೇಳಬೇಕು ಎಂದು ಇರಲಿಲ್ಲ. ಆದರೆ ಗೊತ್ತಿದ್ದು ಗೊತ್ತಿಲ್ಲ ಎಂದರೆ ನನ್ನ ಮುಖದಲ್ಲಿ ಕಾಣಬಹುದು ಎಂದು ಹೆದರಿದೆ. ಮಾಮ ಇಂಜಿನ್ನನ್ನು ಓದುವ ಹಾಗೆ ಮುಖವನ್ನೂ ಓದಿಬಿಡುತ್ತಾರೆ, ನಾಳೆ ಈ ಅಂಗಡಿಯಲ್ಲಿ "ನಮ್ಮ ತಲ್ಲಿಯೂ ಹೌದು ಅಂದ್ಲು" ಎನ್ನುತ್ತಾರೆ, ಅದು ಎಲ್ಲಿಗೋ ತಲುಪುತ್ತದೆ. ಇಷ್ಟೆಲ್ಲ ಒಂದು ಕ್ಷಣದಲ್ಲಿ ತಲೆಯಲ್ಲಿ ಓಡಿತು. ನಾನು ಬೇಕಾದ್ದಕ್ಕಿಂತ ಹೆಚ್ಚು ಎಚ್ಚರ ವಹಿಸುವವಳು.

"ಮೂರು ಅನ್ನೋದು ಅಬದ್ಧ ಮಾಮ," ಎಂದೆ. "ನಾಲ್ಕೇ ಇರೋದು. ಸಾವಿರದ ಐನೂರು ಸಿಸಿ. ನೀವು ಬೇರೆ ಯಾವುದೋ ಗಾಡಿ ಸದ್ದು ಕೇಳಿರ್ತೀರಿ."

ಅವರು ಮೆಲ್ಲಗೆ, ತೆಲುಗಿನಲ್ಲಿ, "ಅಬದ್ಧಮಾ, ತಲ್ಲೀ?" ಎಂದರು.

ಅವರಿಗೆ ಹೇಗೆ ಕೇಳಿಸಿತು ಎಂದು ನನಗೆ ಆಗಲೇ ತಿಳಿಯಿತು. ಮಾತಿನ ಕೊನೆಯ ಆ 'ಮಾ' ಸಾಕಿತ್ತು, ಅದು ತೆಲುಗಿನ ಪ್ರಶ್ನೆ: ಸುಳ್ಳಾ? ಏಳೆಂಟು ಜನರ ಮುಂದೆ ನಾನು ಅವರನ್ನು ಸುಳ್ಳುಗಾರ ಎಂದ ಹಾಗಾಗಿತ್ತು. ಹಾಗಲ್ಲ ಮಾಮ, ಆ ಅರ್ಥದಲ್ಲಿ ಅಲ್ಲ ಎನ್ನಬಹುದಿತ್ತು. ಎಂದರೆ ಮಾತು ಬೆಳೆಯುತ್ತಿತ್ತು. ಮಾತು ಬೆಳೆದರೆ ನಾನು ಸಿಕ್ಕಿಬೀಳುತ್ತಿದ್ದೆ. "ಬಸ್ಸಿಗೆ ಹೊತ್ತಾಯ್ತು" ಎಂದು ಹೇಳಿ ನಡೆದೆ. ಹಿಂದೆ ಟೆಂಪೋ ಡ್ರೈವರ್, "ನೋಡಿದ್ಯಾ ಮಾಮ, ಓದಿರೋರೇ ಹೇಳಿಬಿಟ್ರು," ಎನ್ನುವುದು ಕೇಳಿಸಿತು.

ಅವತ್ತು ಅಲ್ಲಿ ನಿಜವಾಗಿಯೂ ಒಂದು ಅಬದ್ಧ ಇತ್ತು, ತೆಲುಗಿನ ಅರ್ಥದಲ್ಲಿ. ಅದು ನನ್ನದು.

ಮಾಮ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮುಂದಿನ ಭಾನುವಾರವೂ ಬಾದಾಮಿ ಮಾವಿನ ಹಣ್ಣುಗಳನ್ನು ಪೇಪರಿನಲ್ಲಿ ಸುತ್ತಿ ನಮ್ಮ ಮನೆಗೆ ತಂದರು. ಆ ಪೇಪರು ವಾಹನಗಳ ಪುಟ. ಅದರಲ್ಲಿದ್ದ ಕಾರಿನ ಚಿತ್ರವನ್ನು ಅವರು ಕತ್ತರಿಸಿರಲಿಲ್ಲ.

ನಿಧಾನವಾಗಿ ಗಾಡಿಗಳನ್ನು ವಾಪಸು ಕಳಿಸತೊಡಗಿದರು. "ಕೋಲಾರಕ್ಕೆ ತಗೊಂಡೋಗಿ, ಅಲ್ಲಿ ಕಂಪ್ಯೂಟರ್ ಐತೆ," ಎನ್ನುತ್ತಿದ್ದರಂತೆ. ಸಂಕ್ರಾಂತಿಯ ಹೊತ್ತಿಗೆ ಶೆಡ್ಡಿಗೆ ಬೀಗ ಬಿತ್ತು. ವಯಸ್ಸಾಯಿತು, ಸಾಕು ಎಂದು ಊರಿನವರು ಅರ್ಥ ಮಾಡಿಕೊಂಡರು. ನಾನೂ ಹಾಗೇ ಅರ್ಥ ಮಾಡಿಕೊಳ್ಳಲು ಪ್ರಯತ್ನಿಸಿದೆ. ಎರಡು ಸಲ ಹೇಳಿಬಿಡಬೇಕೆಂದು ಅವರ ಮನೆಗೆ ಹೋದೆ. ಮೊದಲನೆಯ ಸಲ ಅವರು, "ಕೆಲಸ ಹೆಂಗೈತೆ?" ಎಂದರು, ನಾನು "ನಡೀತಿದೆ" ಎಂದೆ, ಕಾಫಿ ಕುಡಿದು ಎದ್ದುಬಂದೆ. ಎರಡನೆಯ ಸಲ ಅವರೇ ಕೇಳಿದರು.

"ಆ ಕಾರು ಬಂತಾ?"

"ಇನ್ನೂ ಇಲ್ಲ ಮಾಮ."

"ಬರ್ಲಿ. ನಾಲ್ಕು ಸಿಲಿಂಡರ್ ಸದ್ದು ಚೆನ್ನಾಗಿರ್ತದೆ. ಸಮಾ ಬೀಳ್ತದೆ ಏಟು."

ನನ್ನ ಸುಳ್ಳನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಅದನ್ನು ಅವರ ಕೈಯಿಂದ ಕಿತ್ತುಕೊಳ್ಳುವ ಧೈರ್ಯ ನನಗಿರಲಿಲ್ಲ. ಇದ್ದದ್ದು ಕಾಗದದ ನೆಪ.

ಶಿವರಾತ್ರಿ ಕಳೆದ ವಾರ ಅವರು ತೀರಿಕೊಂಡರು. ಎದೆನೋವು, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ. ಅವರ ಸಾವಿಗೆ ನಾನು ಕಾರಣಳಲ್ಲ. ಅಷ್ಟು ದೊಡ್ಡದನ್ನು ಹೊತ್ತುಕೊಳ್ಳುವುದೂ ಒಂದು ಜಂಬವೇ. ನಾನು ಕಾರಣಳಾದದ್ದು ಅದಕ್ಕಿಂತ ಚಿಕ್ಕದಕ್ಕೆ, ಅಳತೆಗೆ ಸಿಗುವುದಕ್ಕೆ: ಅವರ ಕೊನೆಯ ಎಂಟೊಂಬತ್ತು ತಿಂಗಳು.

ಯುಗಾದಿ ಆದ ಮೇಲೆ ಕಾರು ಬಂತು. ಕ್ಯಾಂಟೀನಿನ ಟಿವಿಯಲ್ಲಿ ತೋರಿಸಿದರು. ಮೂರು ಸಿಲಿಂಡರ್, ಟರ್ಬೊ, ಸಾವಿರದ ಇನ್ನೂರಕ್ಕೆ ಕೂದಲೆಳೆ ಕಡಿಮೆ ಸಿಸಿ, ನೂರಾ ಇಪ್ಪತ್ತು ಎಚ್‌ಪಿ. ಇನ್ನು ಮುಚ್ಚಿಡುವುದು ಬೇಡ ಎಂಬ ಸಂತೋಷಕ್ಕೆ ಜೊತೆಯವರು ಚಪ್ಪಾಳೆ ತಟ್ಟಿದರು. ಟಿವಿಯಲ್ಲಿ ಇಂಜಿನ್ ಸ್ಟಾರ್ಟ್ ಮಾಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಕುಂಟುತ್ತಿತ್ತು.

ಆ ಭಾನುವಾರ ಅತ್ತೆಯನ್ನು ನೋಡಲು ಹೋದೆ. ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ನಾನೂ ಕೂತು ಬೀಜ ತೆಗೆಯತೊಡಗಿದೆ. ಒಂದು ಹಿಡಿ ಬೀಜ ಆಯಿತು. ಆಮೇಲೆ ಎಲ್ಲ ಹೇಳಿದೆ. ಕಲ್ಲಿನ ಮೇಜು, ಮೂರು ಗೆಣ್ಣು, ಸಹಿ, ಟೀ ಅಂಗಡಿ, ಆ ಪದ.

ಅತ್ತೆಯ ಕೈ ನಿಲ್ಲಲಿಲ್ಲ. "ಕೋಲಾರಕ್ಕೆ ಹೋಗಿ ಕಿವಿ ತೋರಿಸ್ಕೊಂಡು ಬಂದ್ರು, ನಿಂಗೆ ಗೊತ್ತಾ? ಡಾಕ್ಟ್ರು ಒಂದು ಕಿವಿ ಸ್ವಲ್ಪ ಮಂದ, ಇನ್ನೊಂದು ಚೆನ್ನಾಗೈತೆ ಅಂದ್ರು. ಇವರು ನಂಬ್ಲಿಲ್ಲ."

"ಯಾಕೆ ಅತ್ತೆ?"

"ನಾನೂ ಬೈದೆ. ಆ ಹುಡುಗಿ ಏನೋ ಅಂದ್ಲು ಅಂತ ಹಿಂಗಾ ಕೂರೋದು ಅಂತ. 'ಆ ಅಮ್ಮಾಯಿ ಅಬದ್ಧಂ ಚೆಪ್ಪದು' ಅಂದ್ರು. ಆ ಹುಡುಗಿ ಸುಳ್ಳು ಹೇಳಲ್ಲ ಅಂತ. 'ನಾನೂ ಹೇಳ್ಲಿಲ್ಲ. ಇಂಜಿನ್ನಂತೂ ಹೇಳಲ್ಲ. ಹಂಗಾದ್ರೆ ಹೇಳಿದ್ದು ನನ್ನ ಕಿವಿ' ಅಂದ್ರು. ಅಷ್ಟೇ. ಆಮೇಲೆ ಆ ಸ್ಕ್ರೂಡ್ರೈವರ್ ಮುಟ್ಲಿಲ್ಲ."

ಅದು ಒಳಗೆ ಗೋಡೆಯ ಮೊಳೆಗೆ ತೂಗುಬಿದ್ದಿತ್ತು. ಹಿಡಿಯ ಆ ತಗ್ಗಿನಲ್ಲಿ ಧೂಳು ಕೂತಿತ್ತು.

ನನ್ನನ್ನು ಕ್ಷಮಿಸಿ ಎಂದೆ. ಅತ್ತೆ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ, ಸಮಾಧಾನ ಮಾಡುವ ಮನಸ್ಸೂ ಇರಲಿಲ್ಲ.

"ನಂಗ್ಯಾಕೆ ಹೇಳ್ತೀಯ? ನಾನು ಯಾವತ್ತಾದ್ರೂ ಅವರ ಕಿವಿ ಮೇಲೆ ಅನುಮಾನ ಪಟ್ಟಿದ್ನಾ? ಅನುಮಾನ ಪಟ್ಟೋರು ರಸ್ತೆ ಆಚೆ ಕಡೆ ಕೂತವ್ರೆ. ದಿನಾ ಕೂರ್ತಾರೆ."

ಮಾರನೆಯ ದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಬ್ಯಾಗು ಹಿಡಿದು ಟೀ ಅಂಗಡಿಗೆ ಹೋದೆ. ಇಷ್ಟು ವರ್ಷ ಅದರ ಮುಂದೆ ಹಾದು ಹೋಗಿದ್ದೆನೇ ಹೊರತು ಒಂದು ದಿನವೂ ಅಲ್ಲಿ ನಿಂತು ಟೀ ಕುಡಿದಿರಲಿಲ್ಲ. ಐದು ಜನ ಇದ್ದರು. ಟೆಂಪೋ ಡ್ರೈವರ್ ಇದ್ದ. ಅಂಗಡಿಯವರು ಆಶ್ಚರ್ಯದಿಂದ, "ಏನಮ್ಮ, ಬಸ್ಸು ಬರಲ್ವಂತಾ?" ಎಂದರು.

"ಒಂದು ಟೀ ಕೊಡಿ," ಎಂದೆ. ಲೋಟ ಕೈಗೆ ಬಂದ ಮೇಲೆ, ಎಲ್ಲರಿಗೂ ಕೇಳುವ ಹಾಗೆ, ನನಗೇ ಜೋರು ಎನಿಸುವ ದನಿಯಲ್ಲಿ ಹೇಳಿದೆ. "ಆ ಹೊಸ ಸ್ಪೋರ್ಟ್ಸ್ ಕಾರು ಬಂತು. ಮೂರೇ ಸಿಲಿಂಡರ್. ಮಾಮ ಹೇಳಿದ್ದು ಸರಿ ಇತ್ತು."

ಟೆಂಪೋ ಡ್ರೈವರ್, "ಟಿವೀಲಿ ನಾನೂ ನೋಡಿದೆ ಮೇಡಂ. ಪಾಪ, ಮಾಮ ಇರಬೇಕಿತ್ತು. ನೀವು ನಾಲ್ಕು ಅಂದಿದ್ರಲ್ಲಾ, ನಿಮಗೂ ಗೊತ್ತಿರ್ಲಿಲ್ಲ ಅಂತ ಕಾಣ್ತದೆ," ಎಂದ.

ಅವನು ತಾನಾಗಿಯೇ ನನಗೆ ಬಾಗಿಲು ತೆರೆದು ಕೊಟ್ಟಿದ್ದ. ಹೌದು ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು.

"ಗೊತ್ತಿತ್ತು," ಎಂದೆ. ಆಮೇಲೆ ಮಾಮನ ಭಾಷೆಯಲ್ಲೇ, ಯಾರಿಗೂ ಬೇರೆ ಅರ್ಥ ಆಗದ ಹಾಗೆ ಹೇಳಿದೆ. "ಆ ರೋಜು ಅಬದ್ಧಂ ಚೆಪ್ಪಿಂದಿ ನೇನು." ಆ ದಿನ ಸುಳ್ಳು ಹೇಳಿದವಳು ನಾನು.

ಅಂಗಡಿಯವರು ಸ್ಟೌವ್ ಸಣ್ಣ ಮಾಡಿ, ಎದುರಿನ ಶೆಡ್ಡಿನ ಬೀಗವನ್ನು ನೋಡುತ್ತ ನಿಂತರು. ಏಳೂಕಾಲಿನ ಬಸ್ಸು ಬಂತು, ಹಾರನ್ ಹಾಕಿತು, ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಅಂಗಡಿಯವರು ಕೇಳಿದರು.

"ಎಚ್‌ಪಿ ಎಷ್ಟಂತಮ್ಮ?"

"ನೂರಾ ಇಪ್ಪತ್ತು."

"ಮಾಮ ನೂರಾ ಹತ್ತು ಅಂದಿದ್ದ."

"ಹೌದು," ಎಂದೆ. "ಅದರಲ್ಲಿ ಹತ್ತು ಕಮ್ಮಿ ಹೇಳಿದ್ರು."

ಟೀ ಆರಿಹೋಗಿತ್ತು. ಕುಡಿದು, ಮುಂದಿನ ಬಸ್ಸಿಗೆ ಕಾಯುತ್ತ ಅಲ್ಲೇ ನಿಂತೆ.